ಹದಿನಾರು ಸ್ವಪ್ನಗಳು ಮತ್ತು ಪಂಚಮಕಾಲದ ನೆಪ

ಜೈನ ಸಮಾಜದ ಸಭೆಗಳಲ್ಲಿ ಒಂದು ಸತ್ಕಾರ್ಯವನ್ನು ಕೈಬಿಡುವುದಕ್ಕೆ ಅತ್ಯಂತ ಗೌರವಯುತವಾದ ಕಾರಣವೊಂದಿದೆ. ಅದು "ಇದು ಪಂಚಮಕಾಲ" ಎಂಬ ಮಾತು. ಪಾಠಶಾಲೆಗೆ ಮಕ್ಕಳು ಬರುವುದಿಲ್ಲವೆಂದರೆ ಪಂಚಮಕಾಲ. ಶಾಸ್ತ್ರಭಂಡಾರದ ಓಲೆಗರಿಗಳಿಗೆ ಹುಳು ಹಿಡಿಯಿತೆಂದರೆ ಪಂಚಮಕಾಲ. ಬಸದಿಯ ಜಮಾ-ಖರ್ಚು ಮೂರು ವರ್ಷಗಳಿಂದ ಸಭೆಯ ಮುಂದೆ ಬಂದಿಲ್ಲವೆಂದರೂ ಪಂಚಮಕಾಲವೇ. ಈ ಮಾತನ್ನು ಆಡಿದವರನ್ನು ಯಾರೂ ಮರುಪ್ರಶ್ನಿಸುವುದಿಲ್ಲ. ಅದಕ್ಕೆ ಶಾಸ್ತ್ರದ ಆಧಾರವಿದೆಯೆಂಬುದು ಎಲ್ಲರ ನಂಬಿಕೆ. ಆಧಾರವನ್ನು ಕೇಳಿದರೆ ಒಡನೆಯೇ ಬರುವ ಉತ್ತರ ಚಂದ್ರಗುಪ್ತನ ಹದಿನಾರು ಸ್ವಪ್ನಗಳು. ಇನ್ನೂ ಸ್ವಲ್ಪ ಓದಿಕೊಂಡವರಾದರೆ ಭರತ ಚಕ್ರವರ್ತಿಯ ಹದಿನಾರು ಸ್ವಪ್ನಗಳನ್ನು ಹೆಸರಿಸುತ್ತಾರೆ. ಹೀಗೆ ಇಬ್ಬರು ರಾಜರು ಒಂದೊಂದು ರಾತ್ರಿ ಕಂಡ ಕನಸುಗಳು ಇಡೀ ಸಮಾಜದ ಆಲಸ್ಯಕ್ಕೆ ಜಾಮೀನಾಗಿ ನಿಂತಿವೆ.

ಈ ಜಾಮೀನು ನಿಲ್ಲತಕ್ಕದ್ದಲ್ಲ. ಸ್ವಪ್ನಗಳನ್ನು ಮುಂದಾಗುವ ಸಂಗತಿಗಳ ಪಟ್ಟಿಯೆಂದು ಓದುವುದು ಜೈನ ತತ್ತ್ವದ ದೃಷ್ಟಿಯಿಂದ ಅತ್ಯಂತ ಮೇಲ್ಪದರದ ಓದು. ಅವು ಜೀವದ ಭಾವಗಳ ಚಿತ್ರಗಳು. ತನ್ನನ್ನು ತಾನೇ ಕಟ್ಟಿಕೊಳ್ಳುವ ಅಥವಾ ಕೆಡವಿಕೊಳ್ಳುವ ಚೇತನದ ಸಂಕೇತಗಳು. ಹಾಗೆ ಓದದಿದ್ದರೆ ಆ ಕಥೆಗಳಲ್ಲಿಯೇ ಮುಂದೆ ನಡೆಯುವುದು ಅರ್ಥವಾಗುವುದಿಲ್ಲ.

ಮೊದಲು ಭರತನ ಪ್ರಸಂಗ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಇದು ವಿಸ್ತಾರವಾಗಿ ಬಂದಿದೆ. ಭರತನು ವ್ರತಿಗಳಾದ ದ್ವಿಜರನ್ನು ಪ್ರತ್ಯೇಕವಾಗಿ ನಿಯಮಿಸಿ ಸನ್ಮಾನಿಸಿದ ಬಳಿಕ ಒಂದು ರಾತ್ರಿ ವಿಚಿತ್ರವಾದ ಹದಿನಾರು ಕನಸುಗಳನ್ನು ಕಾಣುತ್ತಾನೆ. ಇಪ್ಪತ್ತಮೂರು ಸಿಂಹಗಳು ಭೂಮಿಯಲ್ಲಿ ಸಂಚರಿಸಿ ಪರ್ವತಶಿಖರವನ್ನು ಏರುತ್ತವೆ, ಒಂಟಿಯಾದ ಸಿಂಹದ ಮರಿಯ ಹಿಂದೆ ಜಿಂಕೆಗಳ ಹಿಂಡು ಹೋಗುತ್ತದೆ, ಆನೆಯ ಹೊರೆಯನ್ನು ಹೊತ್ತ ಕುದುರೆಯ ಬೆನ್ನು ಬಾಗಿದೆ, ಆಡುಗಳು ಒಣಗಿದ ಎಲೆಗಳನ್ನು ಮೇಯುತ್ತಿವೆ, ಆನೆಯ ಹೆಗಲ ಮೇಲೆ ಕಪಿಗಳು ಕುಳಿತಿವೆ, ನಡುವೆ ಬತ್ತಿ ಅಂಚಿನಲ್ಲಿ ಮಾತ್ರ ನೀರುಳ್ಳ ಸರೋವರ, ಧೂಳು ಮುಚ್ಚಿದ ರತ್ನರಾಶಿ, ನೈವೇದ್ಯವನ್ನು ತಿನ್ನುತ್ತ ಪೂಜೆಗೊಳ್ಳುವ ನಾಯಿ, ಮೋಡ ಕವಿದ ಸೂರ್ಯ, ನೆರಳಿಲ್ಲದ ಒಣಮರ. ಭರತನು ಸಮವಸರಣಕ್ಕೆ ಹೋಗಿ ವೃಷಭದೇವನ ಮುಂದೆ ಎರಡು ಪ್ರಶ್ನೆಗಳನ್ನಿಡುತ್ತಾನೆ. ತಾನು ದ್ವಿಜರನ್ನು ನಿಯಮಿಸಿದ್ದು ಸರಿಯೇ, ಈ ಸ್ವಪ್ನಗಳ ಫಲವೇನು? ಈ ಎರಡು ಪ್ರಶ್ನೆಗಳು ಒಟ್ಟಿಗೆ ಬಂದಿರುವುದು ಆಕಸ್ಮಿಕವಲ್ಲ. ಮಾಡಿದ ಕಾರ್ಯದ ಬಗ್ಗೆ ಮನಸ್ಸಿನಲ್ಲಿ ಉಳಿದ ಅಳುಕು ಒಂದು ಕಡೆ, ಕಂಡ ಕನಸು ಇನ್ನೊಂದು ಕಡೆ. ಪುರಾಣಕಾರರು ಅವೆರಡನ್ನೂ ಒಂದೇ ವಿಜ್ಞಾಪನೆಯಲ್ಲಿ ಸೇರಿಸಿದ್ದಾರೆ.

ಆ ಪ್ರಸಂಗದಲ್ಲಿಯೇ ಸ್ವಪ್ನಗಳ ವರ್ಗೀಕರಣವೂ ಇದೆ. ಧಾತುಗಳು ಸಮವಾಗಿರುವಾಗ ಕಾಣುವ ಸ್ವಪ್ನ ಬೇರೆ, ವಿಷಮವಾಗಿರುವಾಗ ಕಾಣುವುದು ಬೇರೆ. ವಾತ, ಪಿತ್ತ, ಕಫಗಳ ದೋಷದಿಂದ ಹುಟ್ಟಿದ್ದು ಹುಸಿ. ಅಂದರೆ ಕನಸಿಗೆ ಬೆಲೆ ಕಟ್ಟುವ ಮೊದಲು ಕನಸು ಕಂಡವನ ಸ್ಥಿತಿಯನ್ನು ನೋಡಬೇಕೆಂಬುದು ಒಂಬತ್ತನೆಯ ಶತಮಾನದ ಆಚಾರ್ಯರಿಗೆ ತಿಳಿದಿತ್ತು. ರಾತ್ರಿ ಅಜೀರ್ಣದಿಂದ ಕಂಡ ಹಾವಿಗೆ ಬೆಳಿಗ್ಗೆ ಜ್ಯೋತಿಷಿಯ ಬಾಗಿಲನ್ನು ತಟ್ಟುವವರು ಇದನ್ನು ಗಮನಿಸಬಹುದು.

ಭಗವಂತನು ಆ ಸ್ವಪ್ನಗಳ ಫಲವನ್ನು ಪಂಚಮಕಾಲಕ್ಕೆ ಅನ್ವಯಿಸಿ ಹೇಳುವುದು ನಿಜ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆನೆಯ ಹೊರೆ ಹೊತ್ತ ಕುದುರೆಯೆಂದರೆ ತಪೋಗುಣಗಳನ್ನೆಲ್ಲ ಹೊರಲಾರದ ಮುಂದಿನ ಕಾಲದ ಸಾಧುಗಳು. ಮೋಡ ಕವಿದ ಸೂರ್ಯನೆಂದರೆ ಕೇವಲಜ್ಞಾನದ ಅಭಾವ. ಆದರೆ ಇದನ್ನು ಕೇಳಿದ ಭರತನು ಏನು ಮಾಡಿದನು? "ಎಲ್ಲವೂ ಕೆಡುವುದೇ ಆದರೆ ಮಾಡಿ ಫಲವೇನು" ಎಂದು ಅಯೋಧ್ಯೆಗೆ ಮರಳಿ ಮಲಗಿದನೇ? ಜಿನಾಭಿಷೇಕ, ದಾನಗಳಿಂದ ಶಾಂತಿಯನ್ನು ಮಾಡಿದನು, ಧರ್ಮದಲ್ಲಿ ಮತ್ತಷ್ಟು ದೃಢನಾದನು. ಮುಂದೆ ದೀಕ್ಷೆಯಾದ ಅಂತರ್ಮುಹೂರ್ತದಲ್ಲಿಯೇ ಅವನಿಗೆ ಕೇವಲಜ್ಞಾನವಾಯಿತು. ಅವನತಿಯ ಕನಸನ್ನು ಕಂಡವನು ಉನ್ನತಿಯ ತುತ್ತತುದಿಯನ್ನು ಮುಟ್ಟಿದನು. ಕನಸನ್ನೇ ಕಾಣದೆ, ಯಾರೋ ಕಂಡದ್ದನ್ನು ಕೇಳಿಸಿಕೊಂಡವರು ಮಾತ್ರ ಇದ್ದಲ್ಲಿಯೇ ಇದ್ದಾರೆ.

ಚಂದ್ರಗುಪ್ತನ ಕಥೆಯಾದರೋ ಕನ್ನಡ ನೆಲಕ್ಕೆ ಇನ್ನೂ ಹತ್ತಿರದ್ದು. ರತ್ನನಂದಿಯ ಭದ್ರಬಾಹುಚರಿತದಲ್ಲಿಯೂ, 19ನೆಯ ಶತಮಾನದಲ್ಲಿ ದೇವಚಂದ್ರನು ಬರೆದ ರಾಜಾವಳಿಕಥೆಯಲ್ಲಿಯೂ ಬರುವ ಆ ಸ್ವಪ್ನಗಳನ್ನು ಬಹುಮಂದಿ ಬಾಲ್ಯದಲ್ಲಿಯೇ ಕೇಳಿರುತ್ತಾರೆ: ಅಸ್ತಮಿಸುವ ಸೂರ್ಯ, ಮುರಿದು ಬಿದ್ದ ಕಲ್ಪವೃಕ್ಷದ ಕೊಂಬೆ, ಇಳಿಯುತ್ತಲೇ ಹಿಂದಿರುಗಿದ ವಿಮಾನ, ಛಿದ್ರಗೊಂಡ ಚಂದ್ರ, ಕಾದಾಡುವ ಕರಿಯಾನೆಗಳು, ಮುಸ್ಸಂಜೆಯ ಮಿಂಚುಹುಳುಗಳು, ಬತ್ತಿದ ಕೆರೆ, ಎಲ್ಲೆಡೆ ತುಂಬಿದ ಹೊಗೆ, ಸಿಂಹಾಸನವನ್ನೇರಿದ ಕಪಿ, ಚಿನ್ನದ ಬಟ್ಟಲಿನಲ್ಲಿ ಪಾಯಸವನ್ನುಣ್ಣುವ ನಾಯಿ, ಕೊನೆಯಲ್ಲಿ ಹನ್ನೆರಡು ಹೆಡೆಯ ಸರ್ಪ. ಹನ್ನೆರಡು ಹೆಡೆಗಳೆಂದರೆ ಹನ್ನೆರಡು ವರ್ಷಗಳ ಕ್ಷಾಮವೆಂದು ಶ್ರುತಕೇವಲಿ ಭದ್ರಬಾಹುಗಳು ಹೇಳುತ್ತಾರೆ.

ಇಲ್ಲಿಯೂ ಅದೇ ಪ್ರಶ್ನೆ. ಕೇಳಿದವನು ಏನು ಮಾಡಿದನು? ಮಗನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆಯನ್ನು ಪಡೆದನು. ಗುರುಗಳೊಡನೆ ದಕ್ಷಿಣಕ್ಕೆ ನಡೆದನು. ಕಟವಪ್ರದಲ್ಲಿ ಗುರುಗಳ ಅಂತ್ಯಕಾಲದವರೆಗೆ ಸೇವೆ ಮಾಡಿ ಅಲ್ಲಿಯೇ ತಾನೂ ಸಮಾಧಿಯನ್ನು ಸಾಧಿಸಿದನು. ಇದು ಪರಂಪರೆ ನಂಬಿಕೊಂಡು ಬಂದ ಕಥೆ. ಚಂದ್ರಗಿರಿಯ ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ, ದಾಸೋಜನೆಂಬ ಶಿಲ್ಪಿಯ ಹೆಸರಿರುವಲ್ಲಿ, ಈ ಗುರುಶಿಷ್ಯರ ಚರಿತ್ರೆಯೇ ಕಲ್ಲಿನಲ್ಲಿ ಮೂಡಿದೆಯೆಂದು ಹೇಳುತ್ತಾರೆ. ಅದನ್ನು ನೋಡಲು ಹೋದವರು ಬಸದಿಯ ಕತ್ತಲೆಯಲ್ಲಿ ಎರಡು ನಿಮಿಷ ನಿಂತು ಹೊರಬರುವುದು ಬೇರೆ ಮಾತು.

ಅದೇ ಬೆಟ್ಟದ ಮೇಲಿನ, ಕ್ರಿ.ಶ. 600ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ ಶಾಸನವನ್ನು ನೋಡಿದರೆ ಇನ್ನೂ ಒಂದು ಅಂಶ ಸ್ಪಷ್ಟವಾಗುತ್ತದೆ. ಅಷ್ಟಾಂಗ ಮಹಾನಿಮಿತ್ತಗಳನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯವನ್ನು ಮುಂಗಂಡು ಹೇಳಿದರೆಂದೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ಹೇಳುತ್ತದೆ. ಅಲ್ಲಿ ರಾಜನ ಕನಸುಗಳ ಪ್ರಸ್ತಾಪವಿಲ್ಲ. ಮುನ್ಸೂಚನೆಯಿದೆ, ಪ್ರಯಾಣವಿದೆ. ಕೇಡು ಬರುತ್ತದೆಂದು ತಿಳಿದ ಸಂಘವು ವಿಂಧ್ಯವನ್ನು ದಾಟಿ ನೂರಾರು ಯೋಜನ ನಡೆಯಿತು. ಆ ನಡಿಗೆಯಿಂದಲೇ ಶ್ರವಣಬೆಳಗೊಳವಾಯಿತು. ಕೇಡು ಬರುವುದೇ ಆಗಿದ್ದರೆ ಬರಲಿ ಎಂದು ಅಂದಿನ ಸಂಘವು ಉಜ್ಜಯಿನಿಯಲ್ಲಿಯೇ ಕುಳಿತಿದ್ದರೆ ಇಂದು "ಪಂಚಮಕಾಲ" ಎಂದು ಕನ್ನಡದಲ್ಲಿ ಹೇಳುವವರು ಯಾರಿರುತ್ತಿದ್ದರು?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅಷ್ಟಾಂಗ ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ಅದನ್ನು ಭವಿಷ್ಯಸೂಚಕವೆಂದು ಶಾಸ್ತ್ರವೇ ಒಪ್ಪಿರುವಾಗ ಅಂತರಂಗದ ಸಂಕೇತವೆಂದು ಎಳೆಯುವುದೇಕೆ? ಆಕ್ಷೇಪವು ಗೌರವಾರ್ಹವಾದದ್ದು. ಆದರೆ ನಿಮಿತ್ತವೆಂಬ ಪದದಲ್ಲಿಯೇ ಅದರ ಉತ್ತರವಿದೆ. ನಿಮಿತ್ತವು ಸೂಚಿಸುತ್ತದೆ, ಉಂಟುಮಾಡುವುದಿಲ್ಲ. ಉಪಾದಾನವು ಜೀವವೇ. ವೈದ್ಯನು ನಾಡಿಯನ್ನು ಹಿಡಿದು ಜ್ವರವಿದೆಯೆಂದರೆ ನಾಡಿಯಿಂದ ಜ್ವರ ಬಂದಿತೆಂದು ರೋಗಿಯು ತಿಳಿಯುವುದಿಲ್ಲ. ನಾಡಿ ಹೀಗಿರುವುದರಿಂದ ಪಥ್ಯ ಬೇಡವೆಂದೂ ಹೇಳುವುದಿಲ್ಲ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಪುನಃ ಪುನಃ ಸ್ಥಾಪಿಸುವುದು ಇದನ್ನೇ: ಜೀವವು ತನ್ನ ಭಾವಗಳಿಗೆ ಕರ್ತೃ, ಪರದ್ರವ್ಯಕ್ಕಲ್ಲ. ಕಾಲವೂ ಒಂದು ಪರದ್ರವ್ಯ. ಪರಿಣಾಮಗಳಿಗೆ ಅದು ಉದಾಸೀನವಾದ ಸಹಕಾರಿಯೇ ಹೊರತು ಪ್ರೇರಕವಲ್ಲ. ಒಬ್ಬ ಶ್ರಾವಕನ ನಾಲಗೆಯಲ್ಲಿ ಸುಳ್ಳನ್ನು ಇರಿಸುವುದಾಗಲಿ, ತಕ್ಕಡಿಯನ್ನು ಓರೆ ಮಾಡುವುದಾಗಲಿ ಕಾಲದ್ರವ್ಯದ ಕೆಲಸವಲ್ಲ.

ಮತ್ತೊಂದು ಮಾತು ನಿದ್ರೆಗೆ ಸಂಬಂಧಿಸಿದ್ದು. ತತ್ತ್ವಾರ್ಥಸೂತ್ರವು ನಿದ್ರೆ, ನಿದ್ರಾನಿದ್ರೆ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂಬ ಐದನ್ನೂ ದರ್ಶನಾವರಣೀಯ ಕರ್ಮದ ಭೇದಗಳಲ್ಲಿ ಸೇರಿಸಿದೆ. ಕೇವಲಿಗೆ ನಿದ್ರೆಯಿಲ್ಲ, ಆದ್ದರಿಂದ ಸ್ವಪ್ನವೂ ಇಲ್ಲ. ಆವರಣವಿರುವ ಜೀವಕ್ಕೆ ಮಾತ್ರ ಕನಸು. ಹೀಗಿರುವಾಗ ಕನಸು ಜೀವದ ಅಂದಿನ ಸ್ಥಿತಿಯ ಮಾತನ್ನು ಬಿಟ್ಟು ಬೇರೆ ಯಾವುದನ್ನೋ ಹೇಳುವ ಆಕಾಶವಾಣಿಯಾಗಲಾರದು. ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಮಹಾವೀರಸ್ವಾಮಿಯು ಛದ್ಮಸ್ಥ ಅವಸ್ಥೆಯಲ್ಲಿ ಕಂಡ ಹತ್ತು ಸ್ವಪ್ನಗಳ ವರ್ಣನೆಯಿದೆ. ಮೊದಲನೆಯದರಲ್ಲಿ ತಾಳೆಯಷ್ಟು ಎತ್ತರದ ಪಿಶಾಚವನ್ನು ಸೋಲಿಸುತ್ತಾನೆ. ಅದರ ಅರ್ಥವನ್ನು ಆಗಮವೇ ಹೇಳುತ್ತದೆ: ಆ ಪಿಶಾಚವು ಮೋಹನೀಯ ಕರ್ಮ. ಬಿಳಿಯ ಕೋಗಿಲೆಯೆಂದರೆ ಶುಕ್ಲಧ್ಯಾನ. ಭುಜಗಳಿಂದ ಈಜಿ ದಾಟಿದ ಸಾಗರವೆಂದರೆ ಸಂಸಾರ. ಇಲ್ಲಿ ಶತ್ರುರಾಜನ ಮಾತಿಲ್ಲ, ಮಳೆಬೆಳೆಯ ಮಾತಿಲ್ಲ, ಲಾಭನಷ್ಟದ ಮಾತಿಲ್ಲ. ಆಮ್ನಾಯಗಳ ಭೇದವೇನೇ ಇರಲಿ, ಸ್ವಪ್ನವನ್ನು ಅಂತರಂಗದ ಸಂಕೇತವಾಗಿ ಓದುವುದು ಇಂದಿನ ಭಾಷಣಕಾರರ ಕಲ್ಪನೆಯಲ್ಲ, ಪ್ರಾಚೀನವಾದ ಕ್ರಮ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಈ ಕ್ರಮದಿಂದ ಚಂದ್ರಗುಪ್ತನ ಮತ್ತು ಭರತನ ಸ್ವಪ್ನಗಳನ್ನು ನೋಡಿದರೆ ಅವುಗಳ ಇರಿತವೇ ಬೇರೆಯಾಗುತ್ತದೆ. ನಡುವೆ ಬತ್ತಿ ಅಂಚಿನಲ್ಲಿ ನೀರಿರುವ ಸರೋವರವನ್ನೇ ತೆಗೆದುಕೊಳ್ಳಬಹುದು. ಮಧ್ಯದೇಶದಲ್ಲಿ ಧರ್ಮವು ಕ್ಷೀಣಿಸಿ ಎಲ್ಲೆಯ ಪ್ರದೇಶಗಳಲ್ಲಿ ಉಳಿಯುವುದೆಂದು ಅದರ ಪುರಾಣೋಕ್ತ ಫಲ. ಇದನ್ನು ಹೇಳುವಾಗ ದಕ್ಷಿಣದ ಅನೇಕ ಉಪನ್ಯಾಸಕರ ಮುಖದಲ್ಲಿ ಒಂದು ತೃಪ್ತಿ ಮೂಡುತ್ತದೆ: ಅಂಚಿನ ನೀರೆಂದರೆ ದಕ್ಷಿಣದ ಸಮಾಜವಲ್ಲವೇ! ಆದರೆ ಅದೇ ಕೆರೆಯನ್ನು ಎದೆಯೊಳಗೆ ಇಟ್ಟು ನೋಡಿದರೆ ತೃಪ್ತಿಯು ಉಳಿಯುವುದಿಲ್ಲ. ಅಂಚಿನಲ್ಲಿ ನೀರು ತುಂಬಿದೆ: ರಥೋತ್ಸವವಿದೆ, ವಾದ್ಯವಿದೆ, ಅಮೃತಶಿಲೆಯ ನೆಲವಿದೆ, ಫಲಕದ ಮೇಲೆ ದಾನಿಗಳ ಹೆಸರಿದೆ. ನಡುವೆ, ಸ್ವಾಧ್ಯಾಯ ಸಾಮಾಯಿಕಗಳು ಇರಬೇಕಾದಲ್ಲಿ, ಬಿರುಕು ಬಿಟ್ಟ ಮಣ್ಣು. ಕೆರೆಯ ಸುತ್ತ ಪ್ರದಕ್ಷಿಣೆ ಮಾಡುವವನ ಕಾಲಿಗೆ ನೀರು ತಾಗುತ್ತಲೇ ಇರುತ್ತದೆ. ಆದುದರಿಂದ ಕೆರೆ ತುಂಬಿದೆಯೆಂದೇ ಅವನು ತಿಳಿಯುತ್ತಾನೆ.

ಆನೆಯ ಹೆಗಲೇರಿದ ಕಪಿ, ಸಿಂಹಾಸನದ ಮೇಲಿನ ಕಪಿ - ಇವುಗಳ ವಿಷಯದಲ್ಲಿ ನೈತಿಕವಾದ ಅಪಾಯವೇ ಇದೆ. ಕುಲೀನರ ರಾಜ್ಯ ಹೋಗಿ ಹೀನಕುಲದವರು ಆಳುವರೆಂದು ಇವನ್ನು ಅರ್ಥೈಸುತ್ತಾರೆ. ಈ ಅರ್ಥವನ್ನು ಚುನಾವಣೆಯ ಫಲಿತಾಂಶ ಬಂದ ಮರುದಿನ ಜಗಲಿಯ ಮೇಲೆ ಕುಳಿತು ಆಡುವವರು ಎಲ್ಲ ಊರುಗಳಲ್ಲಿಯೂ ಉಂಟು. ಆಡುವಾಗ ಮನಸ್ಸಿನಲ್ಲಿ ಏರುವುದು ಯಾವ ಭಾವ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದವೂ ಜಾತಿಮದವೂ ಇವೆ. ಸಮ್ಯಗ್ದರ್ಶನವನ್ನು ಕೆಡಿಸುವ ಮದವನ್ನು ಪುರಾಣದ ಸ್ವಪ್ನದಿಂದಲೇ ಪೋಷಿಸಿಕೊಳ್ಳುವುದು ಎಂತಹ ವಿಪರ್ಯಾಸ! ಆನೆಯು ಜೀವದ ವೀರ್ಯಗುಣವೆಂದೂ, ಹೆಗಲೇರಿದ ಕಪಿಯು ಚಂಚಲವಾದ ಮನಸ್ಸೆಂದೂ ಓದಿದಾಗ ಬೆರಳು ನೆರೆಮನೆಯ ಕಡೆಗೆ ಚಾಚುವುದಿಲ್ಲ. ಚಿನ್ನದ ಬಟ್ಟಲಿನಲ್ಲಿ ಪಾಯಸವನ್ನುಣ್ಣುವ ನಾಯಿಯೂ ಹಾಗೆಯೇ. ಪುಣ್ಯೋದಯದಿಂದ ದೊರೆತ ಬಟ್ಟಲು ಚಿನ್ನದ್ದೇ. ಉಣ್ಣುತ್ತಿರುವವರಾರೆಂದು ಪ್ರತಿಯೊಂದು ಅನುಕೂಲಸ್ಥ ಮನೆಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಹನ್ನೆರಡು ಹೆಡೆಯ ಸರ್ಪದ ಬಗ್ಗೆ ಒಂದು ಸೂಚನೆ. ಶಾಸ್ತ್ರದಲ್ಲಿ ಅವಿರತಿಯು ಹನ್ನೆರಡು ಬಗೆಯದು: ಐದು ಇಂದ್ರಿಯಗಳನ್ನೂ ಮನಸ್ಸನ್ನೂ ಹಿಡಿತದಲ್ಲಿಡದಿರುವುದು ಆರು, ಷಟ್ಕಾಯ ಜೀವಗಳ ಹಿಂಸೆಯಿಂದ ಹಿಂದೆಗೆಯದಿರುವುದು ಆರು. ಸರ್ಪವು ರಾಜನ ಕಡೆಗೇ ಬರುತ್ತದೆ. ಸಂಯಮವಿಲ್ಲದ ಜೀವಕ್ಕೆ ಕ್ಷಾಮವು ಹೊರಗಿನಿಂದ ಬರಬೇಕಾಗಿಲ್ಲ. ಸಂಖ್ಯೆಗೆ ಸಂಖ್ಯೆಯನ್ನು ಹೊಂದಿಸುವುದೇ ಪ್ರಮಾಣವಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಹಾಗೆ ಹೊಂದಿಸುತ್ತ ಹೋದರೆ ಅಂಗಡಿಯ ಕೀರ್ದಿಯಲ್ಲಿಯೂ ದ್ವಾದಶಾಂಗವನ್ನು ಕಾಣಬಹುದು. ಆದರೆ ಕ್ಷಾಮದ ಕನಸನ್ನು ಕಂಡ ರಾಜನು ಕಣಜಗಳನ್ನು ತುಂಬಿಸುವ ಬದಲು ಮಹಾವ್ರತಗಳನ್ನು ಏಕೆ ಸ್ವೀಕರಿಸಿದನು ಎಂಬ ಪ್ರಶ್ನೆಗೆ ಬೇರೆ ಯಾವ ಓದಿನಿಂದಲೂ ಉತ್ತರ ದೊರೆಯುವುದಿಲ್ಲ.

ಇನ್ನು ಶುಭಸ್ವಪ್ನಗಳ ವಿಷಯ. ತೀರ್ಥಂಕರನ ತಾಯಿಯು ಕಾಣುವ ಹದಿನಾರು ಸ್ವಪ್ನಗಳು ಪಂಪನ ಕಾಲದಿಂದಲೂ ಕನ್ನಡಿಗರಿಗೆ ಪರಿಚಿತವಾದವು. ಆನೆ, ವೃಷಭ, ಸಿಂಹ, ಅಭಿಷಿಕ್ತಳಾಗುವ ಲಕ್ಷ್ಮಿ, ಎರಡು ಮಾಲೆಗಳು, ಚಂದ್ರ, ಸೂರ್ಯ, ಎರಡು ಸ್ವರ್ಣಕಲಶಗಳು, ಮೀನುಗಳ ಜೋಡಿ, ಪದ್ಮಸರೋವರ, ಸಮುದ್ರ, ಸಿಂಹಾಸನ, ದೇವವಿಮಾನ, ನಾಗೇಂದ್ರಭವನ, ರತ್ನರಾಶಿ, ಹೊಗೆಯಿಲ್ಲದ ಅಗ್ನಿ. ಶ್ವೇತಾಂಬರ ಪರಂಪರೆಯಲ್ಲಿ ಹದಿನಾಲ್ಕು. ಅಲ್ಲಿ ಧ್ವಜವಿದೆ, ಮೀನುಗಳೂ ಸಿಂಹಾಸನವೂ ನಾಗಭವನವೂ ಇಲ್ಲ. ಹದಿನಾರೋ ಹದಿನಾಲ್ಕೋ ಎಂಬ ಚರ್ಚೆಯಲ್ಲಿ ತಲೆಮಾರುಗಳು ಕಳೆದಿವೆ. ಯಾವ ಸ್ವಪ್ನದ ಅರ್ಥವೇನೆಂಬ ಚರ್ಚೆಗೆ ಅರ್ಧ ಗಂಟೆಯೂ ದೊರೆತಿಲ್ಲ.

ನಾಭಿರಾಜನು ಮರುದೇವಿಗೆ ಹೇಳುವ ಫಲಗಳಲ್ಲಿ ಬಹುತೇಕ ಗುಣಗಳೇ ಇವೆಯೆಂಬುದನ್ನು ಗಮನಿಸಬೇಕು. ಸಿಂಹವೆಂದರೆ ಅನಂತವೀರ್ಯ, ಮಾಲೆಗಳೆಂದರೆ ಧರ್ಮತೀರ್ಥದ ಪ್ರವರ್ತನೆ, ಸಮುದ್ರವೆಂದರೆ ಕೇವಲಜ್ಞಾನ, ರತ್ನರಾಶಿಯೆಂದರೆ ಗುಣಗಳ ಆಕರ, ನಿರ್ಧೂಮವಾದ ಅಗ್ನಿಯೆಂದರೆ ಕರ್ಮವೆಂಬ ಇಂಧನದ ದಹನ. ತೀರ್ಥಂಕರನು ಅವತಾರಪುರುಷನಲ್ಲ, ಮೇಲಿನಿಂದ ಇಳಿದುಬಂದ ಈಶ್ವರನಲ್ಲ. ದರ್ಶನವಿಶುದ್ಧಿಯೇ ಮೊದಲಾದ ಹದಿನಾರು ಕಾರಣಭಾವನೆಗಳಿಂದ ತೀರ್ಥಂಕರ ನಾಮಕರ್ಮವನ್ನು ಕಟ್ಟಿಕೊಂಡ ಜೀವವು ತನ್ನನ್ನು ತಾನು ರೂಪಿಸಿಕೊಳ್ಳುತ್ತ ಬಂದು ಕೊನೆಯ ಗರ್ಭವನ್ನು ಪ್ರವೇಶಿಸುತ್ತಿದೆ. ಸ್ವಪ್ನಗಳು ಸಾರುವುದು ಈ ಆತ್ಮನಿರ್ಮಾಣವನ್ನು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಸ್ವಭಾವವನ್ನು ಪಡೆದ ಆತ್ಮನಿಗೆ "ಸ್ವಯಂಭೂ" ಎಂಬ ಹೆಸರನ್ನು ಕೊಟ್ಟಿರುವುದೂ ಇದೇ ಅರ್ಥದಲ್ಲಿ. ಜೀವದ್ರವ್ಯವು ಅನಾದಿ, ಅದನ್ನು ಯಾರೂ ಸೃಷ್ಟಿಸಲಿಲ್ಲ. ತಾನೂ ಸೃಷ್ಟಿಸಿಕೊಳ್ಳುವುದಿಲ್ಲ. ಪರ್ಯಾಯಗಳು ಮಾತ್ರ ಅದರ ಕೈಯಲ್ಲಿವೆ. ಜೈನಧರ್ಮದಲ್ಲಿ ಆತ್ಮಸೃಷ್ಟಿ ಎಂಬ ಮಾತಿಗೆ ಇಷ್ಟೇ ಅರ್ಥ. ಇದಕ್ಕಿಂತ ಹೆಚ್ಚನ್ನು ಹೇಳಿದರೆ ಅದು ಬೇರೆ ದರ್ಶನವಾಗುತ್ತದೆ.

ಇಂತಹ ಸ್ವಪ್ನಗಳಿಗೆ ಇಂದು ದೊರೆಯುತ್ತಿರುವ ಗತಿ ಏನು? ಪಂಚಕಲ್ಯಾಣದ ಗರ್ಭಕಲ್ಯಾಣದಂದು ತಂದೆತಾಯಿಗಳ ಸ್ಥಾನಕ್ಕೆ, ಇಂದ್ರರ ಸ್ಥಾನಕ್ಕೆ ಸವಾಲು ನಡೆಯುತ್ತದೆ. ಪರ್ಯುಷಣದಲ್ಲಿ ಬೆಳ್ಳಿಯ ಸ್ವಪ್ನಗಳನ್ನು ಮೇಲಿನಿಂದ ಇಳಿಸಿ ಮಾಲೆ ಹಾಕುವ ಅಧಿಕಾರಕ್ಕೆ ಶ್ವೇತಾಂಬರ ಸಂಘಗಳಲ್ಲಿ ಬೋಲಿ ನಡೆಯುತ್ತದೆ. ಆ ಹಣವು ದೇವದ್ರವ್ಯವೋ ಸಾಧಾರಣ ದ್ರವ್ಯವೋ ಎಂಬ ಬಗ್ಗೆ 20ನೆಯ ಶತಮಾನದಲ್ಲಿ ಅವರಲ್ಲಿಯೇ ದೀರ್ಘವಾದ ವಿವಾದವಾಯಿತು. ದಾನವನ್ನು ಯಾರೂ ನಿಂದಿಸುವುದಿಲ್ಲ. ಬಸದಿಗಳು ನಡೆಯುವುದು ದಾನದಿಂದಲೇ. ಆದರೆ ಲಕ್ಷ್ಮಿಯ ಸ್ವಪ್ನಕ್ಕೆ ಏರುವ ಬೆಲೆ ನಿರ್ಧೂಮ ಅಗ್ನಿಗೆ ಏಕೆ ಏರುವುದಿಲ್ಲ? ಕರ್ಮವನ್ನು ಸುಡುವ ಬೆಂಕಿಗಿಂತ ಕಮಲದ ಮೇಲೆ ಕುಳಿತ ದೇವಿಯ ಕಡೆಗೆ ವರ್ತಕನ ಕೈ ಬೇಗ ಏಳುತ್ತದೆ. ಲಕ್ಷ್ಮಿಯನ್ನು ಕೊಂಡರೆ ಆ ವರ್ಷ ವ್ಯಾಪಾರ ಕುದುರುತ್ತದೆಯೆಂಬ ಲೆಕ್ಕ ಒಳಗೊಳಗೆ ನಡೆದಿರುತ್ತದೆ. ಅದೇ ಸ್ವಪ್ನಕ್ಕೆ ನಾಭಿರಾಜನು ಹೇಳಿದ ಅರ್ಥ ಮೇರುವಿನ ಮೇಲಿನ ಜನ್ಮಾಭಿಷೇಕವೆಂಬುದು ಸವಾಲು ಕೂಗುವವರಿಗೂ ತಿಳಿದಿರುವುದಿಲ್ಲ.

ಈಚೆಗೆ ಇನ್ನೊಂದು ವರ್ಗದವರು ಹುಟ್ಟಿಕೊಂಡಿದ್ದಾರೆ. ಇವರು ಸ್ವಪ್ನಗಳನ್ನು ಸಂಕೇತವೆಂದೇ ಹೇಳುತ್ತಾರೆ. ಆದರೆ ಹೇಳುವುದು ಬೇರೆ ಪೇಟೆಯ ಸರಕು. ಮನಸ್ಸಿನಲ್ಲಿ ಬೇಕಾದ್ದನ್ನು ಚಿತ್ರಿಸಿಕೊಳ್ಳಿರಿ, ಅದು ನಿಮ್ಮದಾಗುತ್ತದೆ. ಮರುದೇವಿಯು ಮಾಡಿದ್ದೂ ಅದನ್ನೇ ಎಂದು ಇವರ ಉಪದೇಶ. ಮರುದೇವಿಯು ಏನನ್ನೂ ಬಯಸಿ ಕನಸು ಕಾಣಲಿಲ್ಲ. ಫಲವನ್ನು ಬಯಸಿ ಚಿತ್ತವನ್ನು ಅದರಲ್ಲಿ ನೆಡುವುದಕ್ಕೆ ಶಾಸ್ತ್ರದಲ್ಲಿ ನಿದಾನವೆಂದು ಹೆಸರು. ಅದು ಆರ್ತಧ್ಯಾನದ ಒಂದು ಭೇದ; ಮಾಯೆ, ಮಿಥ್ಯಾತ್ವಗಳ ಜೊತೆಗೆ ಮೂರು ಶಲ್ಯಗಳಲ್ಲಿ ಒಂದು. ಶಲ್ಯವಿರುವವನು ವ್ರತಿಯೇ ಅಲ್ಲ. ಕಾರನ್ನೂ ಬಂಗಲೆಯನ್ನೂ ಧ್ಯಾನಿಸುವುದಕ್ಕೆ ಆತ್ಮಸೃಷ್ಟಿಯೆಂಬ ಹೆಸರಿಟ್ಟು ಯುವಕರಿಗೆ ಶಿಬಿರ ನಡೆಸುವವರು ಮುಳ್ಳನ್ನು ಮದ್ದೆಂದು ಮಾರುತ್ತಿದ್ದಾರೆ. ಪಾಶ್ಚಾತ್ಯ ಮನಶ್ಶಾಸ್ತ್ರದ ಹೆಸರು ಹೇಳುವವರೂ ಉಂಟು. 1900ರ ಮುದ್ರೆಯೊಡನೆ ಬಂದ ಫ್ರಾಯ್ಡರ ಗ್ರಂಥವು ಕನಸನ್ನು ಅದುಮಿಟ್ಟ ಬಯಕೆಯ ಪೂರೈಕೆಯೆಂದಿತು. ಮೋಹನೀಯದ ಉದಯದಿಂದ ಹುಟ್ಟುವ ಕನಸುಗಳ ಮಟ್ಟಿಗೆ ಅದನ್ನು ಒಪ್ಪಲು ಅಡ್ಡಿಯಿಲ್ಲ. ಯೂಂಗರು ಮಾನವಕುಲಕ್ಕೆಲ್ಲ ಸಮಾನವಾದ ಒಂದು ಸುಪ್ತಚಿತ್ತವನ್ನು ಕಲ್ಪಿಸಿದರು. ಅದು ಆಕರ್ಷಕವೇ. ಆದರೆ ಜೈನದರ್ಶನದಲ್ಲಿ ಜೀವಗಳು ಅನಂತ, ಪ್ರತಿಯೊಂದೂ ಬೇರೆ. ಒಬ್ಬರ ಭಾವದ ಹೊಣೆಯನ್ನು ಎಲ್ಲರ ಚಿತ್ತಕ್ಕೆ ವಹಿಸಿ ಕೈತೊಳೆದುಕೊಳ್ಳುವಂತಿಲ್ಲ.

ಸಂಕೇತವೆಂದರೆ ಘಟನೆಯೇ ನಡೆಯಲಿಲ್ಲವೆಂದು ಅರ್ಥವೇ ಎಂಬ ಅನುಮಾನ ಶ್ರದ್ಧಾವಂತರಲ್ಲಿ ಏಳಬಹುದು. ಅನೇಕಾಂತವನ್ನು ಬಲ್ಲ ಸಮಾಜದಲ್ಲಿ ಈ ಅನುಮಾನ ಬಹುಕಾಲ ನಿಲ್ಲಬಾರದು. ವ್ಯವಹಾರನಯದಿಂದ ತಾಯಿಯು ಸ್ವಪ್ನಗಳನ್ನು ಕಂಡಳು, ಪತಿಯು ಫಲವನ್ನು ಹೇಳಿದನು. ನಿಶ್ಚಯನಯದಿಂದ ಅವು ಜೀವದ ಗುಣಗಳನ್ನು ತೋರುತ್ತವೆ. ಒಂದನ್ನು ಹಿಡಿದವನು ಇನ್ನೊಂದನ್ನು ಬಿಡಬೇಕಾಗಿಲ್ಲ. ಇಂದು ಬಿಟ್ಟಿರುವುದು ಎರಡನೆಯದನ್ನೇ ಆದುದರಿಂದ ಅದರ ಕಡೆಗೆ ಹೆಚ್ಚು ಒತ್ತು ಬಿದ್ದಿದೆ.

ಕೊನೆಗೆ ಪಂಚಮಕಾಲದ ಲೆಕ್ಕವನ್ನೇ ನೋಡಬಹುದು. ಅದರ ಅವಧಿ 21,000 ವರ್ಷಗಳು. ವೀರನಿರ್ವಾಣದ ಮೂರು ವರ್ಷ ಎಂಟೂವರೆ ತಿಂಗಳ ಬಳಿಕ ಅದು ಆರಂಭವಾಯಿತು. 2,550ನೆಯ ನಿರ್ವಾಣ ಮಹೋತ್ಸವವನ್ನು 2024ರಲ್ಲಿ ಆಚರಿಸಿದ್ದಾಯಿತು. ಕಳೆದಿರುವುದು ಎಂಟನೆಯ ಒಂದು ಪಾಲಿಗೂ ಕಡಿಮೆ. ಎಂಟರಲ್ಲಿ ಒಂದು ಪಾಲು ಮುಗಿಯುವ ಮುನ್ನವೇ ಅಂಗಡಿಯ ಬಾಗಿಲನ್ನು ಹಾಕಿ ಅಢಾವೆ ಪತ್ರಿಕೆಯಲ್ಲಿ ಪೂರ್ತಿ ನಷ್ಟವೆಂದು ಬರೆಯುವ ವರ್ತಕನು ಯಾವನು? ಅವನತಿಯನ್ನು ಹೇಳಿದ ಶಾಸ್ತ್ರವೇ ಪಂಚಮಕಾಲದ ಕೊನೆಯವರೆಗೂ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರು ಇರುವರೆಂದೂ ಹೇಳಿದೆ. ಮೋಕ್ಷಪಾಹುಡದಲ್ಲಿ ಕುಂದಕುಂದಾಚಾರ್ಯರು ಇನ್ನೂ ಮುಂದೆ ಹೋಗಿದ್ದಾರೆ. ಭರತಕ್ಷೇತ್ರದಲ್ಲಿ ದುಃಷಮಕಾಲದಲ್ಲಿಯೂ ಆತ್ಮಸ್ವಭಾವದಲ್ಲಿ ನೆಲೆಸಿದ ಸಾಧುವಿಗೆ ಧರ್ಮಧ್ಯಾನವುಂಟು, ಇದನ್ನು ಒಪ್ಪದವನು ಅಜ್ಞಾನಿ ಎಂಬುದು ಅವರ ನಿರ್ಣಯ. ರತ್ನತ್ರಯದಿಂದ ಶುದ್ಧರಾದವರು ಇಂದಿಗೂ ಆತ್ಮಧ್ಯಾನದಿಂದ ಇಂದ್ರಪದವಿಯನ್ನೋ ಲೌಕಾಂತಿಕ ಪದವಿಯನ್ನೋ ಪಡೆದು, ಅಲ್ಲಿಂದ ಬಂದು ನಿರ್ವಾಣವನ್ನು ಹೊಂದುವರೆಂದೂ ಅವರು ಹೇಳುತ್ತಾರೆ. ಕಾಲದ ಹೆಸರಿನಲ್ಲಿ ಕೈಚೆಲ್ಲುವವರು ಆಗಲೂ ಇದ್ದರೆಂದು ಇದರಿಂದ ತಿಳಿಯುತ್ತದೆ. ಆಚಾರ್ಯರು ಅವರಿಗೆ ಕೊಟ್ಟ ಹೆಸರೂ ತಿಳಿಯುತ್ತದೆ.

ಟ್ರಸ್ಟುಗಳು ಈ ವಿಷಯದಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಬಸದಿಯ ಗೋಡೆಯ ಮೇಲೆ ಹದಿನಾರು ಸ್ವಪ್ನಗಳ ಚಿತ್ರಗಳಿದ್ದರೆ ಪ್ರತಿಯೊಂದರ ಕೆಳಗೆ ದಾನಿಯ ಹೆಸರಿನ ಜೊತೆಗೆ, ಸಾಧ್ಯವಾದರೆ ಅದಕ್ಕಿಂತ ಸ್ವಲ್ಪ ದೊಡ್ಡ ಅಕ್ಷರಗಳಲ್ಲಿ, ಅದರ ಅರ್ಥವನ್ನು ಬರೆಸಬಹುದು. ಸವಾಲು ಆರಂಭಿಸುವ ಮುನ್ನ ಪಂಡಿತರೊಬ್ಬರಿಂದ ಪ್ರತಿಯೊಂದು ಸ್ವಪ್ನದ ಭಾವಾರ್ಥವನ್ನು ಹೇಳಿಸಬಹುದು. ಎರಡೆರಡು ನಿಮಿಷದಂತೆ ಮೂವತ್ತೆರಡು ನಿಮಿಷಗಳು ಸಾಕು. ಸವಾಲಿನಿಂದ ಬಂದ ಹಣದ ಒಂದು ಅಂಶವನ್ನು ಪಾಠಶಾಲೆಯ ಖಾತೆಗೆ ಹಾಕಿ, ಅದರ ಶಿಲ್ಕನ್ನು ವರ್ಷಕ್ಕೊಮ್ಮೆ ಸಭೆಯ ಮುಂದೆ ಓದಿಸಬಹುದು. ಆ ಸಭೆಯಲ್ಲಿ ಯಾರಾದರೂ ಎದ್ದು "ಇದು ಪಂಚಮಕಾಲ" ಎಂದರೆ, ಚಂದ್ರಗುಪ್ತನು ಕನಸುಗಳ ಫಲವನ್ನು ಕೇಳಿದ ಬಳಿಕ ಏನು ಮಾಡಿದನೆಂದು ಅಧ್ಯಕ್ಷರು ಅವರನ್ನು ವಿನಯದಿಂದ ಕೇಳಬಹುದು.